ಅಮ್ಮನ ಆಟೋಮ್ಯಾಟಿಕ್ ಕಾರೂ ಅದರೊಳಗಿನ ಇರುವೆಗಳೂ

ನಮ್ಮನೆಗೆ ಕಾರು ಬಂತು ಅಂದ್ರೆ ಅದಕ್ಕೆ ಕಾರಣ ಅಮ್ಮನ ಎಡಗಾಲು. ಅಪ್ಪನ ಸಂಪಾದನೆ ಅಲ್ಲ, ಮಾವನ ವಶೀಲಿ ಅಲ್ಲ, ಎಂಟನೇ ಕ್ಲಾಸಿಂದ ಕಾರಿಗೋಸ್ಕರ ನಾನು ಮಾಡ್ತಾ ಬಂದಿದ್ದ ಉಪವಾಸ ಸತ್ಯಾಗ್ರಹನೂ ಅಲ್ಲ. ಉಪವಾಸ ಅಂದ್ರೆ ತಮಾಷೆ ಅಲ್ಲ ಮತ್ತೆ, ಬೆಳಿಗ್ಗೆ ತಿಂಡಿ ತಿಂದ್ಮೇಲೆ ಮಧ್ಯಾಹ್ನ ಊಟದ ತನಕ ಒಂದು ತುತ್ತೂ ಮುಟ್ತಿರ್ಲಿಲ್ಲ.

ಅಮ್ಮ ಭದ್ರಾವತಿಲಿ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್. ಜನರ ರಕ್ತ ತೆಗೆದು ಶುಗರ್ ಎಷ್ಟಿದೆ, ಇನ್ನೊಂದು ಎಷ್ಟಿದೆ ಅಂತ ನೋಡೋ ಕೆಲಸ. ಹಳೇ ನಗರ, ನ್ಯೂ ಟೌನ್ ಎರಡೂ ಸೇರಿಸಿದ್ರೆ ಅರ್ಧ ಭದ್ರಾವತಿಯ ರಕ್ತ ನಮ್ಮಮ್ಮನ ಕೈಲಿ ಹಾದುಹೋಗಿದೆ. ಆ ಕಡೆ ಮದುವೆಗೆ ಹೋದ್ರೆ ಅಮ್ಮನ್ನ ನೋಡಿದ ತಕ್ಷಣ ನಾಕು ಜನ ಜಾಮೂನು ಬಟ್ಲನ್ನ ಎಲೆ ಹಿಂದಕ್ಕೆ ತಳ್ತಾರೆ. ಇದು ಉಬ್ಬಿಸಿ ಹೇಳಿದ್ದಲ್ಲ. ಮಿಕ್ಕಿದ್ದೆಲ್ಲ ನನ್ನ ಬಾಯಲ್ಲಿ ಪೂರಿ ಥರ ಸ್ವಲ್ಪ ಉಬ್ಬುತ್ತೆ, ಹಿಟ್ಟು ಮಾತ್ರ ಅಸಲಿ.

ನಾವಿರೋದು ಶಿವಮೊಗ್ಗದ ಹೊಸಮನೆಲಿ. ಅಮ್ಮ ದಿನಾ ಬಸ್ಸಲ್ಲಿ ಹೋಗಿ ಬರ್ತಿದ್ಲು. ನಾನು ಎಸ್ಸೆಸ್ಸೆಲ್ಸಿ ಇದ್ದಾಗ ಒಂದಿನ ಬಸ್ಸಿಂದ ಇಳೀತಿರೋವಾಗ, ಒಂದು ಕಾಲು ನೆಲದ ಮೇಲೆ ಒಂದು ಕಾಲು ಮೆಟ್ಲ ಮೇಲೆ ಇದ್ದಂಗೇನೇ, ಡ್ರೈವರ್ ಗಾಡಿ ಎಳೆದ್ಬಿಟ್ಟ. ಎಡಗಾಲಿನ ಪಾದದ ಗಂಟು ಮುರೀತು. ಒಳಗೆ ಪ್ಲೇಟು, ಸ್ಕ್ರೂ ಎಲ್ಲ ಹಾಕಿದ್ರು. ಈಗ ನಡೆಯೋಕೆ ಪರವಾಗಿಲ್ಲ, ನಿಂತ್ಕೊಂಡ್ರೆ ಕಥೆ ಮುಗೀತು. ಬಸ್ಸಲ್ಲಿ ಸೀಟು ಸಿಗೋದು ಲಾಟರಿ ಹೊಡೆದಂಗೆ. ಸಂಜೆ ಮನೆಗೆ ಬರೋ ಹೊತ್ತಿಗೆ ಆ ಕಾಲು ಊದ್ಕೊಂಡು ಚಪ್ಪಲಿ ಬಾರಿಂದ ಹೊರಗೆ ಬರ್ತಿತ್ತು.

ಅಜ್ಜಿ, ಅಂದ್ರೆ ಅಪ್ಪನ ಅಮ್ಮ, ದಿನಾ ಸಂಜೆ ಸೊಸೆ ಕಾಲನ್ನ ತನ್ನ ತೊಡೆ ಮೇಲೆ ಎಳ್ಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡೋಳು. ಅತ್ತೆ ಕೈಲಿ ಕಾಲು ಮುಟ್ಟಿಸ್ಕೊಳೋಕೆ ಅಮ್ಮಂಗೆ ಪ್ರಾಣಸಂಕಟ. ಅಜ್ಜಿ ಬಿಡ್ತಿರ್ಲಿಲ್ಲ. ಒತ್ತಿದ ಕಡೆ ಗುಳಿ ಬೀಳ್ತಿತ್ತು, ಹಂಗೇ ಉಳೀತಿತ್ತು. ಆ ಗುಳಿಲಿ ಒಂದು ಕಡ್ಲೆಬೀಜ ಇಟ್ರೆ ಉರುಳದೆ ನಿಲ್ತಿತ್ತು. ನಾನು ಇಟ್ಟು ನೋಡಿದೀನಿ. ಅಮ್ಮ ನಕ್ಲು. ನಕ್ಕಾದ್ಮೇಲೆ ಮುಖ ಆ ಕಡೆ ತಿರುಗಿಸ್ಕೊಂಡ್ಲು.

ಹಿಂಗಿರೋವಾಗ ಲ್ಯಾಬಿನ ಡಾಕ್ಟರ್ರು ಹೇಳಿದ್ರಂತೆ: ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಬೆಳಿಗ್ಗೆನೇ ಜನ ಬರ್ತಾರೆ, ಮುಂದಿನ ತಿಂಗಳಿಂದ ನೀವು ಬೇಗ ಬರ್ಬೇಕು, ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ ಅಂತ. ಆ ಹೊತ್ತಿನ ಬಸ್ಸಲ್ಲಿ ಉಸಿರಾಡೋಕೂ ಕ್ಯೂ ನಿಲ್ಬೇಕು.

ಅಪ್ಪ ಅಂದ್ರು, "ಬಿಟ್ಬಿಡು ಮಾರಾಯ್ತಿ. ಇಷ್ಟು ವರ್ಷ ಮಾಡಿದ್ದು ಸಾಕು."

"ಮುರಿದಿದ್ದು ಕಾಲುರೀ, ಕೈಯಲ್ಲ. ನಾನ್ಯಾಕೆ ಬಿಡ್ಲಿ?" ಅಂದ್ಲು ಅಮ್ಮ.

ಅಪ್ಪ ಕೆಟ್ಟೋರಲ್ಲ, ಹೆದರುಪುಕ್ಲು. ಅಮ್ಮ ನೋವಲ್ಲಿ ಹಲ್ಲು ಕಚ್ಕೊಂಡು ಪಾತ್ರೆ ತೊಳೀತಿದ್ರೆ ಅಪ್ಪ ಪಕ್ಕದ ರೂಮಲ್ಲಿ ಟೀವಿ ಸೌಂಡ್ ಜಾಸ್ತಿ ಮಾಡೋರು. ನೋಡೋಕಾಗಲ್ಲ ಅವರ ಕೈಲಿ.

ಆಗ ಬಂತು ಕಾರಿನ ಮಾತು. ಮಾಮೂಲಿ ಕಾರಲ್ಲಿ ಕ್ಲಚ್ ತುಳಿಯೋಕೆ ಎಡಗಾಲೇ ಬೇಕು. ಆಟೋಮ್ಯಾಟಿಕ್ ಆದ್ರೆ ಎಡಗಾಲಿಗೆ ಪೂರ್ತಿ ರಜ. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರೋ ಒಬ್ಬರ ಹತ್ರ ಮಾವ ಒಂದು ಸಣ್ಣ ಕಾರು ಹುಡುಕಿದ್ರು. ಅಮ್ಮ ರಜ ಹಾಕಿ ಡ್ರೈವಿಂಗ್ ಕಲಿತ್ಲು. ಕಾರಿನ ಬಣ್ಣ ಬೂದಿ. ಬಾಗಿಲು ತೆಗೆದ್ರೆ ಹಳೇ ಓನರ್ ಹೊಡೆದಿದ್ದ ಮಲ್ಲಿಗೆ ಸೆಂಟು ಮೂಗಿಗೆ ಒದೀತಿತ್ತು. ಅದರ ಗೇರಿಗೆ ಮೂರೇ ಮಾತು ಗೊತ್ತಿದ್ದಿದ್ದು: ಮುಂದಕ್ಕೆ ಹೋಗೋಕೆ ಡಿ, ಹಿಂದಕ್ಕೆ ಆರ್, ಸುಮ್ನೆ ನಿಲ್ಲೋಕೆ ಎನ್. ನಮ್ಮನೇಲಿ ಇಷ್ಟು ಕಮ್ಮಿ ಮಾತಾಡೋ ಸದಸ್ಯರು ಅದೇ ಮೊದಲು.

ಅಪ್ಪಂಗೆ ಮಾತ್ರ ಹಿಡಿಸ್ಲಿಲ್ಲ. "ಗೇರ್ ಹಾಕದೆ ಹೋಗೋಕೆ ಅದೇನು ಲಿಫ್ಟಾ?" ಅಂದ್ರು. ಮಾರಿದೋರು ಹೇಳಿದ್ರು, "ಸರ್, ಗೇರ್‌ಬಾಕ್ಸ್ ಏನಾದ್ರೂ ತೊಂದ್ರೆ ಕೊಟ್ರೆ ಈ ತಿಂಗಳೊಳಗೆ ವಾಪಸ್ ತನ್ನಿ, ನಾನ್ ತಗೋತೀನಿ. ಆದ್ರೆ ಗೇರ್‌ಬಾಕ್ಸನ್ನ ಹೊರಗೆ ಯಾರ ಕೈಲೂ ಬಿಚ್ಚಿಸಿರ್ಬಾರ್ದು. ಬಿಚ್ಚಿಸಿದ್ರೆ ನಾನಿಲ್ಲ." ಅಪ್ಪಂಗೆ ಅವತ್ತಿಂದ ಈ ಮಾತು ಮಂತ್ರ ಆಗೋಯ್ತು.

ಕಾರು ನೇರ ದೇವಸ್ಥಾನಕ್ಕೆ ಹೋಯ್ತು. ಭಟ್ರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಹ್ಞೂಂ, ನಿಧಾನಕ್ಕೆ ಮುಂದೆ ತಗೊಳಿ" ಅಂದ್ರು. ಅಮ್ಮ ಎಷ್ಟು ನಿಧಾನಕ್ಕೆ ತಗೊಂಡ್ಲು ಅಂದ್ರೆ ನಿಂಬೆಹಣ್ಣು ಒಡೆಯೋ ಬದ್ಲು ಚಕ್ರದ ಜೊತೆ ಮಾತಾಡಿ ರಾಜಿ ಮಾಡ್ಕೊಂಡ್ವು. ಕೊನೆಗೆ ಒಡೆದ್ವು ಅನ್ನಿ.

ಮನೆಗೆ ಬಂದ್ಮೇಲೆ ಅಜ್ಜಿ ಕಾರಿನ ಸುತ್ತ ಒಂದು ಸುತ್ತು ಬಂದು ಮುಖ ಸಿಂಡರಿಸಿದ್ಲು.

"ಇದ್ಯಾವ ಪೂಜೆನೋ? ಹೊರಗಡೆ ಬಳ್ದಿದಾರೆ ಅಷ್ಟೆ. ಗಾಡಿ ಜೀವ ಇರೋದು ಗೇರಲ್ಲಿ. ಗೇರಿಗೆ ಯಾರು ಮಾಡಿದ್ರು?"

ಇದಕ್ಕೊಂದು ಹಿನ್ನೆಲೆ ಇದೆ. ಅಜ್ಜಿ ಇದ್ದಿದ್ದು ಕುಂಸಿ ಹತ್ರದ ಹಳ್ಳೀಲಿ. ತಾತಂಗೆ ಒಂದು ಟ್ರ್ಯಾಕ್ಟರ್ ಇತ್ತು. ಪ್ರತಿ ಆಯುಧಪೂಜೆಗೂ ಅಜ್ಜಿ ಆ ಟ್ರ್ಯಾಕ್ಟರಿನ ಗೇರ್ ಕೋಲಿಗೆ ಪಂಚಾಮೃತದಲ್ಲಿ ಅಭಿಷೇಕ ಮಾಡೋಳು. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ, ಮೇಲೊಂದಿಷ್ಟು ಬಾಳೆಹಣ್ಣು. ಟ್ರ್ಯಾಕ್ಟರಿನ ಗೇರ್ ಅಂದ್ರೆ ಕಬ್ಬಿಣದ ಕೋಲು, ಮೇಲೆ ಸುರಿದಿದ್ದು ಕೆಳಗೆ ಮಣ್ಣಿಗೆ ಬೀಳುತ್ತೆ, ನಾಯಿ ನೆಕ್ಕಿ ಹೋಗುತ್ತೆ, ಕಥೆ ಮುಗೀತು. ಆ ಟ್ರ್ಯಾಕ್ಟರ್ ತಾತ ಇರೋ ತನಕ ಒಂದು ದಿನನೂ ಗೇರ್ ವಿಷಯದಲ್ಲಿ ತಕರಾರು ಮಾಡ್ಲಿಲ್ವಂತೆ. ಹಂಗಾಗಿ ಅಜ್ಜಿ ಪ್ರಕಾರ ಇದು ಪರೀಕ್ಷೆ ಮಾಡಿ ಒಪ್ಪಿಗೆ ಆಗಿರೋ ವಿಧಾನ.

ಅಜ್ಜಿ ಸ್ನಾನ ಮಾಡಿ, ಮಡಿ ಸೀರೆ ಉಟ್ಕೊಂಡು, ಬೆಳ್ಳಿ ಬಟ್ಲು ಹಿಡ್ಕೊಂಡು ಕಾರಿನ ಮುಂದಿನ ಸೀಟಲ್ಲಿ ಕೂತ್ಲು. ಗೇರ್ ಗುಂಡಿಗೆ ಕುಂಕುಮ ಇಟ್ಲು. ಅಕ್ಷತೆ, ತುಳಸಿ ಹಾಕಿದ್ಲು. ಉದ್ಧರಣೆಲಿ ಪಂಚಾಮೃತ ತೆಗೆದು ಅದರ ತಲೆ ಮೇಲೆ ಬಿಟ್ಲು. ಗೇರಿನ ಬುಡದಲ್ಲಿ ಪ್ಲಾಸ್ಟಿಕ್ ಪಟ್ಟಿ, ಅದರ ಮಧ್ಯ ಸೀಳು. ಸುರಿದಿದ್ದೆಲ್ಲ ಎಲ್ಲಿಗೆ ಹೋಗ್ತಿದೆ ಅಂತ ನಾವ್ಯಾರೂ ನೋಡ್ಲಿಲ್ಲ. ನಾನಂತೂ ಬಟ್ಲಲ್ಲಿ ಎಷ್ಟು ಉಳಿಯುತ್ತೆ ಅಂತ ಮಾತ್ರ ನೋಡ್ತಿದ್ದೆ. ಅಮ್ಮ ಒಳಗೆ ಅಡುಗೆ ಮಾಡ್ತಿದ್ಲು. ಅಪ್ಪ ದೂರದಿಂದ ಕೈ ಮುಗಿದ್ರು. ಅಜ್ಜಿ ಸೆರಗಲ್ಲಿ ಗೇರ್ ಗುಂಡಿನ ಚೆನ್ನಾಗಿ ಒರೆಸಿದ್ಲು, ಒಂದು ಹನಿ ಗುರುತು ಇಲ್ದಂಗೆ.

ಸ್ವಲ್ಪ ದಿನ ಕಾರು ಬಂಗಾರ. ಅಮ್ಮ ಭದ್ರಾವತಿ ತನಕ ಧೈರ್ಯ ಮಾಡೋಕೆ ಮುಂಚೆ ನಮ್ಮ ಬೀದಿ, ಆಮೇಲೆ ಪಕ್ಕದ ಬೀದಿ, ಆಮೇಲೆ ಬಸ್ ಸ್ಟ್ಯಾಂಡ್ ತನಕ ಅಂತ ರೂಢಿ ಮಾಡ್ಕೊಂಡ್ಲು. ಎಷ್ಟು ಜೋರಾಗಿ ಓಡಿಸ್ತಿದ್ಲು ಅಂದ್ರೆ, ಒಂದ್ಸಲ ನಮ್ಮನ್ನ ಒಂದು ಎಮ್ಮೆ ಓವರ್‌ಟೇಕ್ ಮಾಡ್ತು, ಹೋಗ್ತಾ ಹಿಂದಕ್ಕೆ ತಿರುಗಿ ನೋಡ್ತು ಬೇರೆ.

ಆಮೇಲೆ ಇರುವೆ ಬಂದ್ವು. ಕೆಂಪಿರುವೆ, ಸಣ್ಣವು. ಸೀಟಿನ ಪಕ್ಕ, ಮ್ಯಾಟಿನ ಮೇಲೆ, ಒಂದು ಅಪ್ಪನ ಅಂಗಿ ಒಳಗೆ. ಅಪ್ಪ ನೇರ ನನ್ನ ಕಡೆ ನೋಡಿದ್ರು.

"ಕಾರಲ್ಲಿ ಏನೇ ತಿಂದೆ?"

"ಏನೂ ಇಲ್ಲಪ್ಪ!"

"ಚಿಪ್ಸ್ ಪ್ಯಾಕೆಟ್ ಯಾರದು ಹಂಗಾದ್ರೆ?"

"ಅದು ಖಾರದ್ದು. ಖಾರಕ್ಕೆ ಇರುವೆ ಬರ್ತಾವಾ? ಸ್ವಲ್ಪ ಸೈನ್ಸ್ ಓದಿ."

ನನ್ನ ವಾದಕ್ಕೆ ಬೆಲೆ ಸಿಗ್ಲಿಲ್ಲ. ಅಪ್ಪ ಇರುವೆಗೆ ಹಾಕೋ ಸೀಮೆಸುಣ್ಣ ತಂದು ನಾಲ್ಕು ಟೈರಿನ ಸುತ್ತಲೂ ದುಂಡಗೆ ಗೆರೆ ಎಳೆದ್ರು. ಮಾರನೇ ದಿನ ನೋಡಿದ್ರೆ ಗೆರೆ ಹೊರಗೆ ಒಂದು ಇರುವೆನೂ ಇಲ್ಲ, ಒಳಗೆ ಮಾತ್ರ ಮದುವೆ ದಿಬ್ಬಣ. ಪಾಪ, ಅವು ಹೊರಗೆ ಹೋಗೋಕೆ ಆಗದೆ ಅಲ್ಲೇ ಮನೆ ಮಾಡ್ಕೊಂಡಿದ್ವೇನೋ.

ಅದೇ ವಾರ ಗೇರ್ ಕೈ ಕೊಡ್ತು. ಮನೆ ಗೇಟಲ್ಲಿ ಅಮ್ಮ ಡಿಗೆ ಹಾಕಿದ್ಲು. ಗೇರ್ ಹೋಯ್ತು, ಕಾರು ಹೋಗ್ಲಿಲ್ಲ. ಮೀಟರಲ್ಲಿ ಎನ್ ಅನ್ನೋ ಅಕ್ಷರ ಮಿಣಮಿಣ ಅನ್ನೋಕೆ ಶುರುವಾಯ್ತು. ಟೀ ಟೀ ಟೀ ಅಂತ ಸದ್ದು. ಆಫ್ ಮಾಡಿ ಆನ್ ಮಾಡಿದ್ರೆ ಹೊರಡ್ತು. "ಸಾಫ್ಟ್‌ವೇರ್ ಪ್ರಾಬ್ಲಮ್" ಅಂತ ನಾನು ಘೋಷಣೆ ಮಾಡ್ದೆ. ಮೊಬೈಲಲ್ಲಿ ಎರಡು ವಿಡಿಯೋ ನೋಡಿದ್ದೆ, ಒಂದು ರಷ್ಯನ್ ಭಾಷೇದು. ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡ್ ಹತ್ರ ಸಿಗ್ನಲಲ್ಲಿ ಮತ್ತೆ ಅದೇ. ಹಸಿರು ಬಂತು, ನಾವು ಹೋಗ್ಲಿಲ್ಲ. ಕೆಂಪು ಬಂತು, ಆಗ್ಲೂ ಹೋಗ್ಲಿಲ್ಲ, ಅದರಲ್ಲಿ ಮಾತ್ರ ನಾವು ಕಾನೂನು ಪಾಲಿಸಿದ್ವಿ. ಹಿಂದೆ ಹಾರ್ನ್ ಹೊಡೀತಿದ್ದೋರಲ್ಲಿ ಒಬ್ಬ ಇಳಿದು ಬಂದು, ಅಮ್ಮನ ಮುಖ ನೋಡಿ, ಬೈಯೋಕೆ ಬಾಯಿ ತೆಗೆದೋನು ಹಂಗೇ ಮುಚ್ಕೊಂಡು ಹೋದ. ಅಮ್ಮನ ಕಣ್ಣಲ್ಲಿ ನೀರಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದ್ರು, "ಗೇರ್‌ಬಾಕ್ಸ್ ಹೋಗಿದೆ ಕಣೇ. ತಿಂಗಳು ಮುಗಿಯೋಕೆ ಮುಂಚೆ ವಾಪಸ್ ಕೊಟ್ಬಿಡೋಣ."

"ಕೊಟ್ರೆ?"

"ಕೊಟ್ರೆ... ನೀನು ಮನೇಲಿರು. ಕಾಲಿಗೂ ಒಳ್ಳೇದು."

ಅಮ್ಮ ಅನ್ನ ಕಲಸೋದು ನಿಲ್ಲಿಸಿದ್ಲು. "ಭಾನುವಾರ ಇಲ್ಲಿಂದ ಲ್ಯಾಬ್ ತನಕ ನಾನೇ ಓಡಿಸ್ತೀನಿ. ದಾರೀಲಿ ನಿಂತ್ರೆ ಸೋಮವಾರ ನೀವು ವಾಪಸ್ ಕೊಡಿ, ನಾನು ಲ್ಯಾಬಿಗೆ ಫೋನ್ ಮಾಡಿ ಬರಲ್ಲ ಅಂತೀನಿ. ನಿಲ್ಲದೆ ಹೋದ್ರೆ ಈ ಮಾತು ಮತ್ತೆ ಎತ್ಬೇಡಿ."

ಅಪ್ಪ "ಆಯ್ತು" ಅಂದ್ರು. ಅಜ್ಜಿ "ನಾನೂ ಬರ್ತೀನಿ" ಅಂದ್ಲು. ನನ್ನನ್ನ ಯಾರೂ ಕೇಳ್ಲಿಲ್ಲ, ನಾನು ಆಗ್ಲೇ ಮನಸ್ಸಲ್ಲಿ ಕಿಟಕಿ ಸೀಟು ಹಿಡಿದಿದ್ದೆ.

ಭಾನುವಾರ ಬೆಳಿಗ್ಗೆ ಹೊರಟ್ವಿ. ಅಮ್ಮ ಸ್ಟೇರಿಂಗನ್ನ ಎರಡೂ ಕೈಲಿ ಹಿಡಿದು, ಅದು ಬಿಟ್ಟು ಓಡೋಗುತ್ತೆ ಅನ್ನೋ ಥರ ಕೂತಿದ್ಲು. ಪಕ್ಕದಲ್ಲಿ ಅಪ್ಪ, ಅವರ ಎಡಗಾಲು ಇಲ್ಲದೆ ಇರೋ ಕ್ಲಚ್ಚನ್ನ ತುಳೀತಾನೇ ಇತ್ತು. ಹಿಂದೆ ಅಜ್ಜಿ ಕಣ್ಮುಚ್ಚಿ ಏನೋ ಹೇಳ್ಕೊಳ್ತಿದ್ಲು. ಮಲವಗೊಪ್ಪ ದಾಟ್ತು, ನಿದಿಗೆ ದಾಟ್ತು, ಮಾಚೇನಹಳ್ಳಿ ದಾಟ್ತು. ಕಾರು ಬೆಣ್ಣೇಲಿ ಚಾಕು ಹೋದಂಗೆ ಹೋಗ್ತಿತ್ತು. ನಾನು ಅಪ್ಪನ ಹಿಂದೆ ಬಗ್ಗಿ, "ಏನಪ್ಪ, ಲಿಫ್ಟು ಎಷ್ಟನೇ ಫ್ಲೋರಲ್ಲಿದೆ?" ಅಂತ ಕೇಳ್ದೆ. ಅಪ್ಪ ನಕ್ಕೇಬಿಟ್ರು.

ಭದ್ರಾ ಸೇತುವೆ ಮೇಲೆ ಮುಂದಿನ ಲಾರಿ ನಿಲ್ತು, ನಾವೂ ನಿಂತ್ವಿ. ಅಮ್ಮ ಎನ್‌ಗೆ ಹಾಕಿದ್ಲು. ಲಾರಿ ಹೊರಡ್ತು. ಅಮ್ಮ ಡಿಗೆ ಹಾಕಿದ್ಲು. ಟೀ ಟೀ ಟೀ.

ಆಫ್ ಮಾಡಿ ಆನ್ ಮಾಡಿದ್ಲು. ಟೀ ಟೀ ಟೀ. ಆರ್ ಹಾಕಿ ಮತ್ತೆ ಡಿ ಹಾಕಿದ್ಲು. ಟೀ ಟೀ ಟೀ. ಹಿಂದೆ ಬಸ್ಸು, ಆಟೋ, ಹೊಳೆಹೊನ್ನೂರು ಕಡೆಯಿಂದ ಹುಲ್ಲು ತುಂಬಿಸ್ಕೊಂಡು ಬಂದಿದ್ದ ಟೆಂಪೋ, ಎಲ್ಲ ಸೇರಿ ಹಾರ್ನಲ್ಲೇ ಆರ್ಕೆಸ್ಟ್ರಾ ಶುರು ಮಾಡಿದ್ವು. ಕೆಳಗೆ ಹೊಳೆ ಆರಾಮಾಗಿ ಹರೀತಿತ್ತು, ಅದಕ್ಕೆ ಗೇರ್ ಇಲ್ವಲ್ಲ.

ಅಪ್ಪ ಗೆದ್ದೆ ಅಂತ ನಗ್ಲೂ ಇಲ್ಲ. ಸುಮ್ನೆ ಇಳಿದು, ಅಂಗಿ ತೋಳು ಮಡಚಿ, ಹಿಂದೆ ಹೋಗಿ ತಳ್ಳೋಕೆ ನಿಂತ್ರು. ಅದೇ ಅಮ್ಮಂಗೆ ಜಾಸ್ತಿ ನೋವಾಗಿದ್ದು ಅನ್ಸುತ್ತೆ. ಟೆಂಪೋದೋನು, ಆಟೋದೋರು ಇಬ್ರು ಕೈ ಹಾಕಿದ್ರು. ನಾನೂ ತಳ್ದೆ. ನಾನು ಕೈ ಹಾಕಿದ್ಮೇಲೇನೇ ಕಾರು ಅಲುಗಾಡಿದ್ದು, ಬೇಕಾದ್ರೆ ಟೆಂಪೋದೋನನ್ನ ಕೇಳಿ.

"ಆಟೋಮ್ಯಾಟಿಕ್ಕಾ ಸಾರ್?" ಆಟೋದೋನು ತಳ್ತಾ ತಳ್ತಾ ಕೇಳ್ದ.

"ಹ್ಞೂಂ."

"ಹಂಗಾದ್ರೆ ಮುಗೀತು ಬಿಡಿ."

ಇಂಥ ಧೈರ್ಯ ಹೇಳೋರು ನಮ್ಮೂರಲ್ಲಿ ಪುಕ್ಕಟೆ ಸಿಗ್ತಾರೆ.

ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ಒಂದು ಗ್ಯಾರೇಜು. ಅಲ್ಲಿದ್ದ ಮೆಕ್ಯಾನಿಕ್‌ಗೆ ವಯಸ್ಸು ಅರವತ್ತರ ಹತ್ರ, ದನಿ ಮಾತ್ರ ಮೈಕ್ ಇಲ್ದೆ ಮೈದಾನ ತುಂಬೋ ಅಂಥದ್ದು. ಎಲ್ಲರೂ ಅವರನ್ನ ಭಾಯ್ ಅಂತಿದ್ರು. ಕೈಲಿ ಟೀ ಲೋಟ ಹಿಡ್ಕೊಂಡು ಬರ್ತಿದ್ದೋರು ಅಮ್ಮನ್ನ ನೋಡಿ ಗಕ್ಕನೆ ನಿಂತ್ರು. ಲೋಟ ಬೆನ್ನ ಹಿಂದಕ್ಕೆ ಹೋಯ್ತು.

"ಅರೆ! ಸೂಜಿ ಮೇಡಂ!"

ತಿಂಗಳಿಗೊಂದ್ಸಲ ಅಮ್ಮನ ಹತ್ರ ಶುಗರ್ ನೋಡಿಸ್ಕೊಳೋ ಗಿರಾಕಿ ಅವರು.

"ಟೀಗೆ ಸಕ್ಕರೆ ಹಾಕಿದೀರಾ ಭಾಯ್?" ಅಂದ್ಲು ಅಮ್ಮ, ಅಷ್ಟು ದುಃಖದಲ್ಲೂ.

"ಖುದಾ ಕಸಂ ಇಲ್ಲ ಮೇಡಂ! ಸಕ್ಕರೆ ಮುಖ ನೋಡಿ ಎಷ್ಟು ದಿನ ಆಯ್ತೋ!" ಅಂದು ಲೋಟನ ಟೈರಿನ ಹಿಂದೆ ಇಟ್ರು. ಮೀಸೇಲಿ ಜಿಲೇಬಿ ಚೂರು ಇತ್ತು. ನಾನೇ ಕಣ್ಣಾರೆ ನೋಡ್ದೆ.

ಆಮೇಲೆ ಶುರು ಮಾಡಿದ್ರು ನೋಡಿ. "ನಾನು ಗಾಡಿ ಬಿಚ್ಚಿ ನೋಡೋನಲ್ಲ ಸಾರ್, ಕಿವೀಲಿ ನೋಡೋನು. ಒಂದ್ಸಲ ಲಾರಿಯೊಂದು ದಾವಣಗೆರೆ ರೋಡಲ್ಲಿ ಬರ್ತಿತ್ತು, ನಾನಿಲ್ಲಿ ಊಟ ಮಾಡ್ತಾ ಹೇಳ್ದೆ, ಮೂರನೇ ಗೇರಲ್ಲಿ ಹಲ್ಲು ಮುರಿದಿದೆ ಅಂತ. ಬಂದು ಬಿಚ್ಚಿದ್ರೆ, ಮುರಿದಿದೆ!" ನನಗೆ ಹೊಟ್ಟೆಕಿಚ್ಚಾಯ್ತು. ಜೀವಮಾನದಲ್ಲಿ ಮೊದಲ್ನೇ ಸಲ ನನಗಿಂತ ದೊಡ್ಡ ಪೂರಿ ಕರಿಯೋರು ಎದುರಿಗೆ ನಿಂತಿದ್ರು.

ಭಾಯ್ ಕೂತು ಸ್ಟಾರ್ಟ್ ಮಾಡಿ ಗೇರ್ ಹಾಕಿ, ಕಣ್ಮುಚ್ಚಿ, ಟೀ ಟೀ ಕೇಳಿ, ತಲೆ ಅಲ್ಲಾಡಿಸಿದ್ರು.

"ಒಳಗಡೆ ಗೇರ್ ಹಾಕೋ ಯಂತ್ರ ಸತ್ತೋಗಿದೆ ಸಾರ್. ಬಾಕ್ಸ್ ಇಳಿಸ್ಬೇಕು. ಈಗ್ಲೇ ಜಾಕ್ ಹಾಕ್ಸಿ ಬಿಡ್ತೀನಿ."

"ಬೇಡ ಬೇಡ!" ಅಪ್ಪ ಎರಡೂ ಕೈ ಅಡ್ಡ ಹಿಡಿದ್ರು. "ಬಿಚ್ಚಿದ್ರೆ ಮಾರಿದೋರು ವಾಪಸ್ ತಗೋಳಲ್ಲ. ಹಿಂಗೇ ಎಳ್ಕೊಂಡ್ಹೋಗಿ ಕೊಟ್ಬಿಡ್ತೀವಿ." ಜೇಬಿಂದ ಫೋನ್ ತೆಗೆದ್ರು. ಅಮ್ಮನ ಕಡೆ ತಿರುಗಿ ಮೆತ್ತಗೆ, "ಹೇಳ್ಬಿಡ್ಲೇನೇ?" ಅಂದ್ರು.

ಅಮ್ಮ ಭಾಯ್ ಇಳಿದ ಸೀಟಿಗೆ ಹೋಗಿ ಕೂತ್ಲು. ಎಡಗಾಲನ್ನ ನಿಧಾನಕ್ಕೆ ಒಳಗೆ ಎತ್ತಿಟ್ಕೊಂಡ್ಲು. ಅಳ್ತಾಳೆ ಅಂದ್ಕೊಂಡೆ. ಅವಳು ಗೇರ್ ನೋಡ್ತಿದ್ಲು. ಬಗ್ಗಿ ಇನ್ನೂ ಹತ್ರದಿಂದ ನೋಡಿದ್ಲು. ಬ್ಯಾಗಿಂದ ಕನ್ನಡಕ ತೆಗೆದು ಹಾಕ್ಕೊಂಡ್ಲು. ಅವಳು ರಿಪೋರ್ಟ್ ಬರೆಯೋವಾಗ ಹಾಕ್ಕೊಳೋ ಕನ್ನಡಕ ಅದು.

"ಭಾಯ್, ಖಾಲಿ ಹೊಟ್ಟೇಲಿ ಬಂದಿದೀನಿ ಅಂತ ನೀವು ಸುಳ್ಳು ಹೇಳಿದ್ರೆ ನನಗೆ ಹೆಂಗೆ ಗೊತ್ತಾಗುತ್ತೆ?"

ಭಾಯ್ ಟೈರಿನ ಹಿಂದಿನ ಲೋಟದ ಕಡೆ ಕಳ್ಳನೋಟ ನೋಡಿ, "ರಕ್ತ ಹೇಳುತ್ತಲ್ಲ ಮೇಡಂ" ಅಂದ್ರು.

"ನಿಮ್ಮ ಮುಖ ನೋಡಿ ನಾನು ರಿಪೋರ್ಟ್ ಬರೆಯಲ್ಲ ಅಲ್ವಾ? ಇಲ್ಲಿ ಬನ್ನಿ. ಈ ಇರುವೆ ನೋಡಿ. ಬಾಗಿಲ ಕಡೆಯಿಂದ ಬಂದು ಎಲ್ಲ ಈ ಸೀಳೊಳಗೇ ಇಳೀತಿದಾವೆ. ಖಾಲಿ ಕಬ್ಬಿಣಕ್ಕೆ ಇರುವೆ ಯಾಕೆ ಹೋಗ್ತಾವೆ? ಒಳಗೆ ಸಕ್ಕರೆ ಇದೆ."

"ಗಾಡಿಗೂ ಶುಗರ್ರಾ!" ಅಂದೆ ನಾನು. ಯಾರೂ ನಗ್ಲಿಲ್ಲ. ಒಳ್ಳೇ ಜೋಕು, ಹೊತ್ತು ಸರಿ ಇರ್ಲಿಲ್ಲ.

"ಈ ಪಟ್ಟಿ ತೆಗೆದ್ರೆ ಗೇರ್‌ಬಾಕ್ಸ್ ಬಿಚ್ಚಿದಂಗೆ ಆಗುತ್ತಾ?" ಅಮ್ಮ ಕೇಳಿದ್ಲು.

"ಇಲ್ಲ ಮೇಡಂ, ಅದು ಬರೀ ಮೇಲಿನ ಮುಚ್ಚಳ. ಬಾಕ್ಸು ಬಾನೆಟ್ ಕೆಳಗಿದೆ. ಇಲ್ಲಿರೋದು ಗೇರ್ ಹಿಡಿಕೆ, ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಹೇಳೋಕೆ ಒಂದು..." ಭಾಯ್ ಮಾತು ಅರ್ಧಕ್ಕೇ ನಿಲ್ತು. ತಲೆಗೆ ಏನೋ ಹೊಳೀತು ಅಂತ ಮುಖದಲ್ಲೇ ಕಾಣ್ತು. ಸ್ಕ್ರೂಡ್ರೈವರ್ ತಂದು ಪಟ್ಟಿ ಸಂದೀಲಿ ಕೊಟ್ಟು ಮೀಟಿದ್ರು. ಟಪ್ ಅಂತ ಎದ್ದು ಬಂತು.

ಒಳಗೊಂದು ಊರೇ ಇತ್ತು. ಹಳದಿ ಅಕ್ಕಿ ಕಾಳು, ಒಣಗಿದ ತುಳಸಿ ಎಲೆ, ಕಂದು ಬಣ್ಣದ ಗೋಂದು ಥರ ಅಂಟು, ಅದರ ಮೇಲೆ ಇರುವೆಗಳ ಜಾತ್ರೆ. ಇರುವೆಗಳಿಗೆ ಪಂಚಾಯ್ತಿ ಆಫೀಸು, ಸೊಸೈಟಿ, ಎರಡು ಕಲ್ಯಾಣ ಮಂಟಪ ಎಲ್ಲ ಇತ್ತು ಅಂತ ನನ್ನ ಅಂದಾಜು. ಗೇರ್ ಹಿಡಿಕೆ ಡಿ ಜಾಗಕ್ಕೆ ಪೂರ್ತಿ ಹೋಗೋಕೆ ಆ ಅಂಟು ಬಿಡ್ತಾ ಇರ್ಲಿಲ್ಲ. ಒಂದು ಕಾಳಿನಷ್ಟು ಹಿಂದೆ ನಿಲ್ತಿತ್ತು. ನಮ್ಮ ಕಣ್ಣಿಗೆ ಡಿ, ಕಂಪ್ಯೂಟರ್ ಕಣ್ಣಿಗೆ ಎನ್.

ಭಾಯ್ ಒಂದು ಹಳದಿ ಕಾಳು ಎತ್ತಿ ಬೆಳಕಿಗೆ ಹಿಡಿದ್ರು. ಆಮೇಲೆ ನಮ್ಮನ್ನೆಲ್ಲ ಒಂದೊಂದಾಗಿ ನೋಡಿ ಗದರಿದ್ರು. "ಯಾರ್ರೀ ಅದು ಗಾಡೀಲಿ ಕೂತು ಬಿರಿಯಾನಿ ತಿಂದಿದ್ದು? ಚೆಲ್ಲಿದೀರಲ್ರೀ ಗೇರೊಳಗೆ!"

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಹಿಂದಿನ ಸೀಟಿಂದ ಗುಡುಗು ಬಂತು.

"ಬಿರಿಯಾನಿ ಅಲ್ಲ ಕಣಪ್ಪಾ! ಪೂಜೆ ಮಾಡಿದ ಗಾಡೀಲಿ ಯಾರು ಬಿರಿಯಾನಿ ತಿಂತಾರೆ? ಅದು ಅಕ್ಷತೆ! ನಾನೇ ಹಾಕಿದ್ದು! ಆ ಅಂಟು ಇದೆಯಲ್ಲ, ಅದು ಪಂಚಾಮೃತ!"

ಹೇಳಿದ್ಮೇಲೆ ಅಜ್ಜಿಗೆ ತಾನೇನು ಹೇಳ್ದೆ ಅಂತ ಗೊತ್ತಾಯ್ತು. ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡ್ಲು. ಭಾಯ್ ನಗೋಕೆ ಶುರು ಮಾಡಿದ್ರು. ನಕ್ಕಿದ್ದು ಶಿವಮೊಗ್ಗಕ್ಕೆ ಕೇಳಿರುತ್ತೆ. ಅಪ್ಪ ಕಾರಿಗೆ ಒರಗಿ ಹೊಟ್ಟೆ ಹಿಡ್ಕೊಂಡ್ರು. ಅಮ್ಮ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಭುಜ ಕುಲುಕಿಸ್ತಿದ್ಲು, ನಗುನೋ ಅಳುನೋ ಗೊತ್ತಾಗ್ಲಿಲ್ಲ. ಎರಡೂ ಇದ್ದಿರ್ಬೇಕು.

"ನಿನ್ನ ಕಾಲಿಗೆ ಅಂತಲೇ ಮಾಡಿದ್ದು ಕಣೇ," ಅಜ್ಜಿ ಸಣ್ಣ ದನೀಲಿ ಅಂದ್ಲು. "ಗಾಡಿ ನಿನ್ನನ್ನ ದಾರೀಲಿ ಕೈ ಬಿಡ್ದೆ ಇರ್ಲಿ ಅಂತ."

ಅಮ್ಮ ಹಿಂದಕ್ಕೆ ಕೈ ಚಾಚಿ ಅಜ್ಜಿ ಮಂಡಿ ತಟ್ಟಿದ್ಲು. "ಗೊತ್ತು ಅತ್ತೆ. ಬಿಡಿ."

ಆಮೇಲೆ ಅಮ್ಮ ತನ್ನ ಬ್ಯಾಗ್ ತೆಗೆದ್ಲು. ಅದರಲ್ಲಿ ಯಾವಾಗ್ಲೂ ಸ್ಪಿರಿಟ್ಟು, ಹತ್ತಿ ಇರುತ್ತೆ. ಸೂಜಿ ಚುಚ್ಚೋಕೆ ಮುಂಚೆ ತೋಳು ಒರೆಸ್ತಾಳಲ್ಲ, ಅದೇ ಥರ, ಅಷ್ಟೇ ನಾಜೂಕಾಗಿ ಗೇರಿನ ಬುಡ ಒರೆಸಿದ್ಲು. ಭಾಯ್ ಟಾರ್ಚ್ ಹಿಡಿದು, "ಇಲ್ಲಿ ಮೇಡಂ, ಈ ಮೂಲೇಲಿ" ಅಂತ ಹೇಳ್ತಿದ್ರು. ತಂತಿ ಇರೋ ಕಡೆ ಅವರೇ ಒರೆಸಿದ್ರು. ಇರುವೆಗಳನ್ನ ನಾನು ಪೇಪರ್ ಮೇಲೆ ಹತ್ತಿಸಿ ಚರಂಡಿ ಪಕ್ಕ ಬಿಟ್ಟೆ. ಚಿಪ್ಸ್ ಕೇಸಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಅವುಗಳೇ ಅಲ್ವಾ.

ಪಟ್ಟಿ ಮುಚ್ಚಿ ಅಮ್ಮ ಸ್ಟಾರ್ಟ್ ಮಾಡಿದ್ಲು. ಬ್ರೇಕ್ ತುಳಿದು ಡಿಗೆ ಹಾಕಿದ್ಲು. ಟಕ್. ಇಷ್ಟು ದಿನ ಕೇಳದೆ ಇದ್ದ ಗಟ್ಟಿ ಟಕ್. ಮೀಟರಲ್ಲಿ ಡಿ ಬಂತು, ಮಿಣುಕದೆ ನಿಂತ್ಕೊಳ್ತು. ಕಾರು ಮುಂದೆ ಹೋಯ್ತು. ಅಮ್ಮ ಗ್ಯಾರೇಜ್ ಮುಂದೆ ಸುತ್ತು ಹೊಡೆದ್ಲು, ನಿಲ್ಲಿಸಿದ್ಲು, ಹೊರಟ್ಲು, ಮತ್ತೆ ನಿಲ್ಲಿಸಿದ್ಲು, ಮತ್ತೆ ಹೊರಟ್ಲು. ಭಾಯ್ ಕೈ ಎತ್ತಿ "ಸಾಕು ಮೇಡಂ, ಗಾಡಿಗೆ ತಲೆ ಸುತ್ತುತ್ತೆ" ಅನ್ನೋ ತನಕ.

ಅಪ್ಪ ಫೋನನ್ನ ಜೇಬಿಗೆ ಹಾಕ್ಕೊಂಡ್ರು. ಉಸಿರು ಬಿಟ್ಟ ಜೋರಿಗೆ ಅಂಗಿ ಗುಂಡಿ ಕಿತ್ತು ಬರ್ಬೇಕಿತ್ತು. "ಎಷ್ಟಾಯ್ತು ಭಾಯ್?" ಅಂದ್ರು.

"ನಾನೇನ್ ಮಾಡ್ದೆ ಸಾರ್? ಮುಚ್ಚಳ ತೆಗ್ದೆ. ನಾಳೆ ಬೆಳಿಗ್ಗೆ ಮೇಡಂ ಹತ್ರ ರಕ್ತ ಕೊಡೋಕೆ ಬರ್ತೀನಿ, ಕಮ್ಮಿ ಬೈದ್ರೆ ಸಾಕು." ಆಮೇಲೆ ಅಜ್ಜಿ ಕಡೆ ಬಗ್ಗಿ, "ಅಜ್ಜಿ, ಗಾಡಿಗೆ ಕೈ ಮುಗೀರಿ, ಎಷ್ಟು ಬೇಕಾದ್ರೂ ಮುಗೀರಿ. ಊಟ ಮಾತ್ರ ಹಾಕ್ಬೇಡಿ."

ಅಜ್ಜಿ ಬಿಡ್ತಾಳಾ? ಶಿವಮೊಗ್ಗ ಮುಟ್ಟೋ ಹೊತ್ತಿಗೆ ಅವಳ ದನಿ ವಾಪಸ್ ಬಂದಿತ್ತು. "ಅಷ್ಟು ಪೂಜೆ ಮಾಡಿದ್ದಕ್ಕೇ ಇಷ್ಟರಲ್ಲಿ ಹೋಯ್ತು. ಇಲ್ದಿದ್ರೆ ಬಾಕ್ಸೇ ಹೋಗ್ತಿತ್ತು." ಈ ವಾದಕ್ಕೆ ಉತ್ತರ ನನ್ನ ಹತ್ರನೂ ಇಲ್ಲ, ನನ್ನ ಹತ್ರನೇ ಇಲ್ಲ ಅಂದ್ರೆ ಯೋಚ್ನೆ ಮಾಡಿ.

ಸೋಮವಾರ ಕತ್ತಲೆ ಕರಗೋಕೆ ಮುಂಚೆ ಅಮ್ಮ ಒಬ್ಬಳೇ ಹೊರಟ್ಲು. ಅಜ್ಜಿ ಆರತಿ ತಟ್ಟೆ ಹಿಡ್ಕೊಂಡು ಬಂದಾಗ ನಾನೂ ಅಪ್ಪನೂ ಒಟ್ಟಿಗೆ "ಹೊರಗಡೆ ಮಾತ್ರ!" ಅಂತ ಕಿರುಚಿದ್ವಿ. ಅಜ್ಜಿ ಬಾನೆಟ್ಟಿಗೆ ಎತ್ತಿ, ಗಾಜಿನ ಮೂಲೇಲಿ ಒಂದು ಬೊಟ್ಟು ಇಟ್ಟು ಹಿಂದೆ ಸರಿದ್ಲು. ಅಪ್ಪ ಆಮೇಲೆ ಗೇಟಿನ ಹತ್ರ ಒಂದೇ ಗಿಡಕ್ಕೆ ನೀರು ಹಾಕ್ತಾ ನಿಂತ್ರು. ಆ ಗಿಡ ಈಜು ಕಲಿಯೋ ಹೊತ್ತಿಗೆ ಫೋನ್ ಬಂತು.

"ತಲುಪಿದೆ ರೀ. ಎಲ್ಲೂ ನಿಲ್ಲಲಿಲ್ಲ. ಭಾಯ್ ಆಗ್ಲೇ ಬಂದು ಬಾಗ್ಲಲ್ಲಿ ಕೂತಿದಾರೆ."

ಅಪ್ಪ "ಹ್ಞೂಂ, ಸರಿ" ಅಂದ್ರು, ಏನೂ ಆಗ್ದೇ ಇರೋರ ಥರ. ಫೋನ್ ಇಟ್ಮೇಲೆ ಪೈಪು ನನ್ನ ಮೇಲೆ ತಿರುಗಿಸಿ ನೀರು ಹಾರಿಸಿದ್ರು. ನಲವತ್ತೇಳು ವರ್ಷದ ಗಂಡಸು!

ಸಂಜೆ ಅಮ್ಮ ಬಂದು ಸೋಫಾದಲ್ಲಿ ಕೂತ್ಲು. ಅಜ್ಜಿ ಎಡಗಾಲನ್ನ ತೊಡೆ ಮೇಲೆ ಎಳ್ಕೊಂಡ್ಲು. ಹೆಬ್ಬೆರಳಲ್ಲಿ ಒತ್ತಿದ್ಲು. ಬಿಟ್ಲು. ಇನ್ನೊಂದು ಕಡೆ ಒತ್ತಿದ್ಲು. ಲೈಟಿಗೆ ತಿರುಗಿಸಿ ನೋಡಿದ್ಲು. ಬಲಗಾಲು ಒತ್ತಿ ಹೋಲಿಸಿದ್ಲು.

"ಗುಳಿ ಬೀಳ್ತಾ ಇಲ್ವಲ್ಲೇ," ಅಂದ್ಲು.

ನಾನು ಅಡುಗೆ ಮನೆಯಿಂದ ಕಡ್ಲೆಬೀಜ ತಂದಿದ್ದೆ. ಇಡೋಕೆ ಜಾಗ ಇರ್ಲಿಲ್ಲ. ನಾನೇ ತಿಂದೆ.